ಗೋಧಿ ವರ್ಜ್ಯ ಇರುವವರ ಬುತ್ತಿ: ಪ್ರಯಾಣಕ್ಕೂ ಆಪತ್ಕಾಲಕ್ಕೂ

ಸೀಲಿಯಾಕ್ ಕಾಯಿಲೆ ಎಂದು ಖಚಿತವಾದ ರೋಗಿಗಳಿಗೆ ವೈದ್ಯರು ಹೇಳುವ ಮುಖ್ಯ ಚಿಕಿತ್ಸೆ ಪಥ್ಯವೇ ಆಗಿದೆ. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳನ್ನೂ ಅವುಗಳಿಂದ ತಯಾರಾದ ಎಲ್ಲ ಪದಾರ್ಥಗಳನ್ನೂ ಜೀವನಪರ್ಯಂತ ಬಿಡಬೇಕಾಗುತ್ತದೆ. ಮನೆಯಲ್ಲಿ ಇದು ಕೆಲವು ತಿಂಗಳುಗಳಲ್ಲಿ ರೂಢಿಯಾಗುತ್ತದೆ. ತಾಯಂದಿರು ಬಹಳ ಬೇಗ ಕಲಿಯುತ್ತಾರೆ. ಪಥ್ಯ ಮುರಿಯುವುದು ಹೆಚ್ಚಾಗಿ ಮನೆಯಿಂದ ಹೊರಗೆ. ರೈಲಿನಲ್ಲಿ, ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಬಂಧುಗಳನ್ನು ಆಸ್ಪತ್ರೆಗೆ ಸೇರಿಸಿ ರಾತ್ರಿಯೆಲ್ಲ ಹೊರಗೆ ಕುಳಿತಾಗ, ಇಲ್ಲವೇ ಹೊಳೆ ಏರಿ ಊರಿನ ರಸ್ತೆ ಕಡಿದಾಗ. ಆ ಹೊತ್ತಿಗೆ ಕೈಗೆ ಸುಲಭವಾಗಿ ಸಿಗುವ ಆಹಾರ ಯಾವುದು ಎಂದು ಯೋಚಿಸಿ ನೋಡಿ: ಬಿಸ್ಕತ್ತು, ಬ್ರೆಡ್ಡು, ಬನ್ನು, ಉಪ್ಪಿಟ್ಟು, ಚಪಾತಿ, ಪೂರಿ. ಎಲ್ಲವೂ ಗೋಧಿಯೇ.

ಆದ್ದರಿಂದ ಈ ರೋಗ ಇರುವವರ ಮನೆಯಲ್ಲಿ ಬುತ್ತಿ ಕಟ್ಟುವ ಅಭ್ಯಾಸ ಔಷಧಿ ಇಟ್ಟುಕೊಳ್ಳುವಷ್ಟೇ ಮುಖ್ಯ. ಇದಕ್ಕೆ ಪೇಟೆಯಿಂದ ದುಬಾರಿ ಡಬ್ಬಿಗಳನ್ನು ತರಬೇಕಾಗಿಲ್ಲ. ಜೋಳ, ಸಜ್ಜೆ, ರಾಗಿ, ಅಕ್ಕಿ ಉಣ್ಣುವ ನಮ್ಮ ನಾಡಿನ ಅಡುಗೆ ಮನೆಯಲ್ಲಿ ಬೇಕಾದುದೆಲ್ಲ ಮೊದಲೇ ಇದೆ. ತಪ್ಪುವುದು ಬೇರೆ ಕಡೆಯಲ್ಲಿ. ಅದನ್ನು ಮುಂದೆ ತಿಳಿಸುತ್ತೇವೆ.

ಒಂದು ತುತ್ತಿನಿಂದ ಏನಾಗುತ್ತದೆ?

ಗೋಧಿ ಹಿಟ್ಟನ್ನು ನಾದಿದಾಗ ಜಿಗುಟು ಬರುವುದು ಅದರಲ್ಲಿರುವ ಗ್ಲುಟೆನ್ ಎಂಬ ಸಸಾರಜನಕದಿಂದ. ಸೀಲಿಯಾಕ್ ಇರುವವರ ದೇಹ ಈ ಗ್ಲುಟೆನನ್ನು ಕಂಡಾಗ ತನ್ನ ಸಣ್ಣ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತಿರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಉಂಡ ಅನ್ನದ ಸತ್ವವನ್ನು ಹೀರುವುದು ಈ ಚಾಚುಗಳೇ. ಅವು ಸವೆದರೆ ಕಬ್ಬಿಣ, ಸುಣ್ಣದ ಅಂಶ, ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ಮಗು ಬೆಳೆಯುವುದಿಲ್ಲ, ದೊಡ್ಡವರಲ್ಲಿ ರಕ್ತಹೀನತೆ ಹೋಗುವುದಿಲ್ಲ, ಎಲುಬು ಸವೆಯುತ್ತದೆ.

“ಒಂದು ತುತ್ತು ತಿಂದ್ರ ಏನಾಕ್ಕೈತಿ, ಹುಡುಗ ಆಸೆಪಡಾಕತ್ತಾನ, ತಿನ್ನಲಿ ಬಿಡ್ರಿ” ಎಂದು ಹಿರಿಯರು ಪ್ರೀತಿಯಿಂದ ಹೇಳುವುದುಂಟು. ಪ್ರೀತಿ ನಿಜ, ಮಾತು ತಪ್ಪು. ಕೆಲವರಿಗೆ ಒಂದು ತುತ್ತಿಗೇ ವಾಂತಿ, ಹೊಟ್ಟೆಯುಬ್ಬರ, ಭೇದಿ ಆಗುತ್ತದೆ. ಇನ್ನು ಕೆಲವರಿಗೆ ಹೊರಗೆ ಏನೂ ಕಾಣುವುದಿಲ್ಲ; ಒಳಗೆ ಕರುಳು ಮಾತ್ರ ಸವೆಯುತ್ತಿರುತ್ತದೆ. ಏನೂ ಆಗಲಿಲ್ಲ ಎಂದು ಧೈರ್ಯ ಬಂದು ಮತ್ತೆ ಮತ್ತೆ ತಿನ್ನಿಸುವುದು ಇಂಥವರಲ್ಲೇ ಹೆಚ್ಚು.

ಗೋಧಿ ಅಲರ್ಜಿ ಎಂಬುದು ಇದಕ್ಕಿಂತ ಬೇರೆ ತೊಂದರೆ. ಅದರಲ್ಲಿ ಗೋಧಿ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬರಬಹುದು. ಹಾಗಾದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. ಈ ಕರಪತ್ರ ಓದಿ ತಮಗೂ ಈ ರೋಗ ಇರಬಹುದು ಎಂದು ಅನಿಸಿದವರು ಗೋಧಿಯನ್ನು ಈಗಲೇ ಬಿಡಬೇಡಿ. ಮೊದಲು ರಕ್ತ ಪರೀಕ್ಷೆ, ಅಗತ್ಯವಿದ್ದರೆ ಎಂಡೋಸ್ಕೋಪಿ ಆಗಲಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಇರುವ ರೋಗವೂ ಇಲ್ಲವೆಂದು ಬರಬಹುದು.

ಬರಗಾಲ ಕಲಿಸಿದ ಪಾಠ

ಗೋಧಿಯೇ ಈ ರೋಗಕ್ಕೆ ಕಾರಣ ಎಂಬುದು ಗಟ್ಟಿಯಾದದ್ದು ಒಂದು ಆಪತ್ಕಾಲದಲ್ಲಿಯೇ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ನೆದರ್‌ಲ್ಯಾಂಡ್ಸ್ ದೇಶದಲ್ಲಿ ಘೋರ ಬರಗಾಲ ಬಿತ್ತು. ಬ್ರೆಡ್ಡು ಸಿಗದಾಯಿತು. ಅಲ್ಲಿನ ಮಕ್ಕಳ ತಜ್ಞ ವಿಲ್ಲೆಂ ಕರೆಲ್ ಡಿಕೆ ಅವರು ಅದಕ್ಕೆ ಮೊದಲೇ, 1930ರ ದಶಕದಲ್ಲಿ, ಸೀಲಿಯಾಕ್ ಮಕ್ಕಳಿಗೆ ಗೋಧಿಯಿಲ್ಲದ ಪಥ್ಯ ಕೊಟ್ಟು ನೋಡುತ್ತಿದ್ದರು. ಬರಗಾಲದಲ್ಲಿ ಬೇರೆ ಮಕ್ಕಳು ಸೊರಗುತ್ತಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಅವರ ಸ್ಥಿತಿ ಮತ್ತೆ ಕೆಟ್ಟಿತು. ಡಿಕೆ ಅವರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಇಂದು ನಾವು ಹೇಳುವ ಪಥ್ಯಕ್ಕೆ ಅದೇ ತಳಹದಿ.

ಅಲ್ಲಿ ಸಂಕಟ ಕಳೆದು ನೆರವಿನ ಬ್ರೆಡ್ಡು ಬಂದಾಗ ಮಕ್ಕಳಿಗೆ ತೊಂದರೆಯಾಯಿತು. ನಮ್ಮಲ್ಲಿ ಸಂಕಟದ ನಡುವೆಯೇ ಅದು ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ನೆರೆ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದಲ್ಲಿ ಬಂದ ನೆರೆ ಎಲ್ಲರಿಗೂ ನೆನಪಿವೆ. ಮನೆ ಬಿಟ್ಟು ಬಂದವರಿಗೆ ದಾನಿಗಳು ಬೇಗ ತಂದು ಹಂಚಲು ಆಗುವುದು ಬಿಸ್ಕತ್ತು ಮತ್ತು ಬ್ರೆಡ್ಡು. ಅವರ ಒಳ್ಳೆಯ ಮನಸ್ಸಿಗೆ ಕೊರತೆಯಿಲ್ಲ, ಆದರೆ ಸೀಲಿಯಾಕ್ ಮಗುವಿಗೆ ಆ ಪೊಟ್ಟಣ ಕೆಲಸಕ್ಕೆ ಬಾರದು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ನೀರು ಬರಲಿಲ್ಲ, ಗುಡ್ಡ ಕುಸಿಯಲಿಲ್ಲ. ಆದರೂ ಎಷ್ಟೋ ದಿನ ಮನೆಯಲ್ಲಿ ಇದ್ದುದರಲ್ಲೇ ಉಣ್ಣಬೇಕಾಯಿತು.

ಕಡಕ್ ರೊಟ್ಟಿಯ ಬಲ

ಶ್ರೀಶೈಲಕ್ಕೆ ಯುಗಾದಿಯ ಮುಂಚೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಭಾಗದ ಜನ ಹಿಂದಿನಿಂದಲೂ ಗಂಟಿನಲ್ಲಿ ಏನು ಒಯ್ಯುತ್ತಾರೆ ಎಂದು ಮನೆಯ ಹಿರಿಯರನ್ನು ಕೇಳಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಒಲೆ ಬೇಡ, ನೀರು ಬೇಡ, ಕೆಡುವುದಿಲ್ಲ. ಸೀಲಿಯಾಕ್ ರೋಗಿಗೆ ಇದಕ್ಕಿಂತ ಒಳ್ಳೆಯ ಬುತ್ತಿಯನ್ನು ಯಾವ ಆಹಾರ ತಜ್ಞರೂ ಬರೆದುಕೊಡಲಾರರು.

ಆದರೆ ಅದನ್ನು ಮಾಡುವಾಗ ಕೆಲವು ಎಚ್ಚರಿಕೆ ಬೇಕು. ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಕೆಂಡದ ಶಾಖಕ್ಕೆ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಮಡಚಿದರೆ ಬಾಗದೆ ಪಟ್ಟೆಂದು ಮುರಿಯಬೇಕು. ಸ್ವಲ್ಪ ಮೆತ್ತಗಿದ್ದರೂ ನಾಲ್ಕಾರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಹಲವು ವಾರ ಇರುತ್ತದೆ. ಬಿಸಿಯಿದ್ದಾಗಲೇ ಮುಚ್ಚಿಟ್ಟರೆ ಒಳಗೆ ಬೆವರು ಕೂತು ಎಲ್ಲವೂ ಹಾಳು.

ಹಿಟ್ಟನ್ನು ಕೂಡಿಡುವ ಯೋಚನೆ ಬೇಡ. ಸಜ್ಜೆ ಹಿಟ್ಟು ಕೆಲವೇ ದಿನದಲ್ಲಿ ಕಹಿಯಾಗುತ್ತದೆ. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯಲು ಬರುವುದಿಲ್ಲ, ಅಂಚು ಒಡೆಯುತ್ತದೆ ಎಂಬುದು ರೊಟ್ಟಿ ಬಡಿಯುವ ಎಲ್ಲ ತಾಯಂದಿರಿಗೂ ಗೊತ್ತು. ಕೂಡಿಡುವುದಾದರೆ ಕಾಳು ಇಡಿ, ಇಲ್ಲವೇ ಮಾಡಿದ ರೊಟ್ಟಿ ಇಡಿ.

ಗಿರಣಿಯಲ್ಲಿ ಆಗುವ ಎಡವಟ್ಟು

ಮೇಲೆ ಹೇಳಿದ ‘ತಪ್ಪುವುದು ಬೇರೆ ಕಡೆ’ ಎಂಬ ಮಾತು ಇದೇ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಊರಿನ ಗಿರಣಿಯಲ್ಲಿ ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿದ್ದರೆ, ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟೆಲ್ಲ ನಿಮ್ಮ ಡಬ್ಬಿಗೆ ಬೀಳುತ್ತದೆ. ಪಥ್ಯ ಸರಿಯಾಗಿ ಮಾಡುತ್ತಿದ್ದೇವೆ ಎನ್ನುವ ಎಷ್ಟೋ ಮನೆಗಳಲ್ಲಿ ಮಗುವಿನ ತೂಕ ಏರದಿರಲು ಇದೂ ಒಂದು ಕಾರಣವಿರಬಹುದು. ಗಿರಣಿಯವರಿಗೆ ವಿಷಯ ತಿಳಿಸಿ. ಸಾಧ್ಯವಿದ್ದರೆ ಗೋಧಿ ಬೀಸದ ಗಿರಣಿ ಹುಡುಕಿ. ಖಾರದ ಪುಡಿಯ ಗಿರಣಿ ಬೇರೆ ಇರುವಂತೆ ಕೆಲವು ಊರುಗಳಲ್ಲಿ ಜೋಳಕ್ಕೇ ಬೇರೆ ಕಲ್ಲು ಇರುತ್ತದೆ. ಇಲ್ಲದಿದ್ದರೆ ಗಿರಣಿ ಸ್ವಚ್ಛ ಮಾಡಿಸಿ, ಮೊದಲು ನಿಮ್ಮದೇ ಎರಡು ಕಿಲೋ ಜೋಳ ಬೀಸಿಸಿ, ಆ ಹಿಟ್ಟನ್ನು ಮನೆಯ ಬೇರೆಯವರಿಗೆ ಬಳಸಿ, ನಂತರ ಬಂದ ಹಿಟ್ಟನ್ನು ರೋಗಿಗೆ ಇಡಿ. ಇದರಿಂದ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಎನ್ನಲಾಗದು. ಅನುಕೂಲ ಇದ್ದವರು ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳುವುದು ಉತ್ತಮ. ಕಾಳನ್ನು ಬೀಸುವ ಮುಂಚೆ ಹಸನು ಮಾಡುವಾಗ ಗೋಧಿ ಕಾಳು ಬೆರೆತಿದ್ದರೆ ಆರಿಸಿ ತೆಗೆಯಿರಿ.

ಹಂಚು, ಕೊಣಮಿಗೆ, ಲಟ್ಟಣಿಗೆ, ಜರಡಿ ಇವು ಚಪಾತಿಯವು ಬೇರೆ, ರೋಗಿಯ ರೊಟ್ಟಿಯವು ಬೇರೆ ಇರಲಿ. ಖಾನಾವಳಿಗಳಲ್ಲಿ ರೊಟ್ಟಿ ಮುರಿಯದಿರಲೆಂದು ಜೋಳದ ಹಿಟ್ಟಿಗೆ ಗೋಧಿ ಹಿಟ್ಟು ಬೆರೆಸುವುದು ಕೆಲವೆಡೆ ಉಂಟು. ಆದ್ದರಿಂದ ಹೊರಗಿನ ಜೋಳದ ರೊಟ್ಟಿ ಎಂದ ಮಾತ್ರಕ್ಕೆ ನಂಬಬೇಡಿ, ಕೇಳಿ ತಿಳಿಯಿರಿ.

ಹೆಸರು ನೋಡಿ ಮೋಸ ಹೋಗಬೇಡಿ

ಮೈದಾ, ಎಲ್ಲ ಬಗೆಯ ಗೋಧಿ ರವೆ, ಚಿರೋಟಿ ರವೆ, ಶಾವಿಗೆ, ದಲಿಯಾ, ಗೋಧಿ ನುಚ್ಚು ಇವೆಲ್ಲ ಗೋಧಿಯೇ. ಮಧುಮೇಹಕ್ಕೆ ಒಳ್ಳೆಯದೆಂದು ಮಾರುವ ಸದಕ ಅಥವಾ ಕಪ್ಲಿ ಗೋಧಿಯೂ ಗೋಧಿಯೇ. ಜವೆಗೋಧಿ ಎಂಬ ಹೆಸರನ್ನು ಕೆಲವೆಡೆ ಬಾರ್ಲಿಗೆ, ಕೆಲವೆಡೆ ಸದಕಕ್ಕೆ ಹೇಳುತ್ತಾರೆ. ಯಾವುದಾದರೂ ಸರಿ, ಎರಡೂ ವರ್ಜ್ಯ. ಮಕ್ಕಳಿಗೆ ಹಾಲಿನಲ್ಲಿ ಕಲಸಿ ಕೊಡುವ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿ ಇರುತ್ತದೆ, ಹಲವದರಲ್ಲಿ ಗೋಧಿಯೂ ಇರುತ್ತದೆ. ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಬೇರೆ, ಅದಕ್ಕೆ ಅಡ್ಡಿಯಿಲ್ಲ.

ಇಂಗನ್ನು ಯಾರೂ ಅನುಮಾನಿಸುವುದಿಲ್ಲ. ಅಂಗಡಿಯ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಅದರಿಂದ ಸಾರಿನ ಪುಡಿ, ಪುಳಿಯೋಗರೆ ಪುಡಿ, ಉಪ್ಪಿನಕಾಯಿ, ಹಪ್ಪಳಕ್ಕೂ ಅದು ಸೇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಪೊಟ್ಟಣ ಓದಿ ಕೊಳ್ಳಿ. ಇಲ್ಲವೇ ಬುತ್ತಿಯ ಚಟ್ನಿ ಪುಡಿಗೆ ಇಂಗು ಬಿಟ್ಟು ಬೆಳ್ಳುಳ್ಳಿ ಹಾಕಿ. ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ಗೋಬಿ ಮಂಚೂರಿಗೆ ಮೈದಾ ಹಚ್ಚುತ್ತಾರೆ. ಹುಡುಗರು ಸಂಜೆ ಗಾಡಿಯ ಮುಂದೆ ನಿಲ್ಲುವುದು ಇದಕ್ಕೇ, ಅವರಿಗೆ ಬಿಡಿಸಿ ಹೇಳಿ.

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ಅಂಗಡಿಗಳಲ್ಲಿ ನವಣೆ ಬಿಸ್ಕತ್ತು, ರಾಗಿ ಬ್ರೆಡ್ಡು, ಸಿರಿಧಾನ್ಯದ ಶಾವಿಗೆ ಸಾಲಾಗಿ ಇವೆ. ಮುಂದೆ ದೊಡ್ಡದಾಗಿ ರಾಗಿ ತೆನೆಯ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಮೈದಾ. ಹಿಂದೆ ಬರೆದುದನ್ನೇ ಓದಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ‘ಗ್ಲುಟೆನ್ ಮುಕ್ತ’ ಎಂದು ಮಾರುವ ಪದಾರ್ಥದ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಓಟ್ಸ್‌ಗೆ ಬೆಳೆಯುವಲ್ಲಿ, ಸಾಗಿಸುವಲ್ಲಿ ಗೋಧಿ ಬೆರೆಯುತ್ತದೆ. ವೈದ್ಯರನ್ನು ಕೇಳದೆ ಕೊಡಬೇಡಿ.

ಮೂರು ದಿನದ ಗಂಟು

ಒಲೆ ಹಚ್ಚಲು ಆಗದ ಮೂರು ದಿನಕ್ಕೆ ಒಬ್ಬ ವಯಸ್ಕರಿಗೆ 12 ಕಡಕ್ ರೊಟ್ಟಿ, 300 ಗ್ರಾಂ ಅವಲಕ್ಕಿ, ಹುರಿಗಡಲೆ, ಹುರಿದ ಶೇಂಗಾ, ಬೆಲ್ಲ ತಲಾ 150 ಗ್ರಾಂ, ಒಂದು ಡಬ್ಬಿ ಚಟ್ನಿ ಪುಡಿ ಮತ್ತು ಸ್ವಲ್ಪ ಉಪ್ಪು ಇದ್ದರೆ ಹಸಿವು ನೀಗುತ್ತದೆ. ಮಕ್ಕಳಿಗೆ ವಯಸ್ಸು ನೋಡಿ ಕಡಿಮೆ ಮಾಡಿ, ರಾಗಿ ಹುರಿಹಿಟ್ಟು ಸೇರಿಸಿ; ಬಿಸಿ ನೀರು ಅಥವಾ ಮಜ್ಜಿಗೆಯಲ್ಲಿ ಬೆಲ್ಲ ಹಾಕಿ ಕಲಸಿದರೆ ಆಯಿತು. ಅವಲಕ್ಕಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಬೇಕು. ನೆರೆಯ ನೀರಿನಲ್ಲಿ ನೆನೆಸಿದರೆ ಗೋಧಿಗಿಂತ ಮುಂಚೆ ಕಾಲರಾ ಕೆಡಿಸುತ್ತದೆ. ಮಂಡಕ್ಕಿ ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ, ಹೊಟ್ಟೆ ತುಂಬುವುದಿಲ್ಲ. ಬಸ್ಸಿನ ದಾರಿಗೆ ಸಾಕು.

ಒಲೆ ಇದ್ದರೆ ಕೆಲಸ ಸುಲಭ. ಅಕ್ಕಿ, ಹೆಸರು ಬೇಳೆ, ನವಣೆ, ಸಾಬುದಾಣಿ ಒಂದು ವಾರಕ್ಕಾಗುವಷ್ಟು ಮನೆಯಲ್ಲಿ ಬೇರೆ ಇಡಿ. ಗಂಟನ್ನು ಒಮ್ಮೆ ಕಟ್ಟಿ ಅಟ್ಟದ ಮೇಲೆ ಮರೆತರೆ ಬೇಕಾದ ದಿನ ಹುಳ ಬಿದ್ದಿರುತ್ತದೆ. ಅಮಾವಾಸ್ಯೆಗೊಮ್ಮೆ ಬಿಚ್ಚಿ ಹಳೆಯದನ್ನು ಉಂಡು ಹೊಸದು ತುಂಬುವ ರೂಢಿ ಇಟ್ಟುಕೊಳ್ಳಿ. ಕಾಳಿನಲ್ಲಿ ಒಣ ಬೇವಿನ ಎಲೆ ಇರಲಿ. ಸುಕ್ಕುಗಟ್ಟಿದ, ಬೂಷ್ಟು ಹಿಡಿದ, ಕಹಿ ಶೇಂಗಾವನ್ನು ಆರಿಸಿ ಎಸೆಯಿರಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಆ ಗಂಟಿನಲ್ಲೇ ಓ.ಆರ್.ಎಸ್. ಪೊಟ್ಟಣಗಳು, ವೈದ್ಯರು ಬರೆದ ಕಬ್ಬಿಣ ಮತ್ತು ಸುಣ್ಣದ ಗುಳಿಗೆಗಳು ಹದಿನೈದು ದಿನಕ್ಕಾಗುವಷ್ಟು, ರೋಗದ ಚೀಟಿಯ ನಕಲು ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಸೀಲಿಯಾಕ್ ಇರುವ ಕೆಲವು ಮಕ್ಕಳಿಗೆ ಇನ್ಸುಲಿನ್ ಬೇಕಾಗುವ ಮಧುಮೇಹವೂ ಇರುತ್ತದೆ. ಅವರ ಬುತ್ತಿಯ ಲೆಕ್ಕವನ್ನು, ಬೆಲ್ಲ ಎಷ್ಟು ಎಂಬುದನ್ನು, ವೈದ್ಯರ ಬಳಿ ಕುಳಿತು ಮೊದಲೇ ಬರೆಸಿಕೊಳ್ಳಿ. ಸಕ್ಕರೆ ಇಳಿದಾಗ ಕೊಡಲು ಗ್ಲೂಕೋಸ್ ಕಿಸೆಯಲ್ಲೇ ಇರಬೇಕು. ಬಿಸ್ಕತ್ತಿನ ಭರವಸೆ ಬೇಡ.

ದಾರಿಯಲ್ಲಿ, ಜಾತ್ರೆಯಲ್ಲಿ, ಗಂಜಿ ಕೇಂದ್ರದಲ್ಲಿ

ನಿಲ್ದಾಣದಲ್ಲಿ ಸಿಗುವ ಅಕ್ಕಿ ಇಡ್ಲಿ ಸಾಮಾನ್ಯವಾಗಿ ನಡೆಯುತ್ತದೆ, ರವೆ ಇಡ್ಲಿ ನಡೆಯುವುದಿಲ್ಲ. ಸಾಂಬಾರಿನಲ್ಲಿ ಇಂಗಿನ ಅನುಮಾನ ಇದ್ದರೆ ಮೊಸರು ಅಥವಾ ನಿಮ್ಮ ಚಟ್ನಿ ಪುಡಿಯ ಜೊತೆ ತಿನ್ನಿ. ಮಿರ್ಚಿ ಭಜಿಯ ಹಿಟ್ಟು ಕಡಲೆಯದೇ ಆದರೂ ಪೂರಿ, ಸಮೋಸ ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ. ಬಾಳೆಹಣ್ಣು, ಎಳನೀರು, ಬೇಯಿಸಿದ ಶೇಂಗಾ ಎಲ್ಲ ಕಡೆ ಸಿಗುತ್ತವೆ. ಅಡುಗೆಯವರಿಗೆ ‘ಗ್ಲುಟೆನ್’ ಎಂದರೆ ತಿಳಿಯುವುದಿಲ್ಲ. ಒಂದು ಚೀಟಿಯಲ್ಲಿ ಹೀಗೆ ಬರೆದು ತೋರಿಸಿ: “ಅಣ್ಣಾ, ಈ ಹುಡುಗನಿಗೆ ಗೋಧಿ, ಮೈದಾ, ರವೆ, ಬಾರ್ಲಿ ಸ್ವಲ್ಪವೂ ಆಗುವುದಿಲ್ಲ, ಕಾಯಿಲೆಯಾಗುತ್ತದೆ. ಬಿಳಿ ಅನ್ನ, ಮೊಸರು ಬೇರೆ ಸೌಟಿನಿಂದ ಕೊಡಿರಿ.” ಮಹಾರಾಷ್ಟ್ರ, ಆಂಧ್ರದ ಕಡೆ ಹೋಗುವವರು ಅಲ್ಲಿಯ ಭಾಷೆ ಬಲ್ಲವರಿಂದ ಇದನ್ನೇ ಬರೆಸಿಕೊಂಡು ಹೋಗಲಿ.

ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ, ಮಾದಲಿ ಬಡಿಸುತ್ತಾರೆ. ಪ್ರಸಾದ ಬೇಡವೆನ್ನಲು ಮನಸ್ಸು ಒಪ್ಪುವುದಿಲ್ಲ, ಮಕ್ಕಳಿಗಂತೂ ಸಂಕೋಚ. ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ಯಾವ ಅಪಚಾರವೂ ಆಗುವುದಿಲ್ಲ. ಮನೆಯ ಹಿರಿಯರೇ ಹಾಗೆ ಮಾಡಿ ತೋರಿಸಿದರೆ ಮಗು ಕಲಿಯುತ್ತದೆ. ಆಮೇಲೆ ಕೈ ತೊಳೆದುಕೊಂಡು ಅನ್ನ, ಬಾಳೆಹಣ್ಣು ಸ್ವೀಕರಿಸಬಹುದು.

ನೆರೆ ಬಂದು ಗಂಜಿ ಕೇಂದ್ರಕ್ಕೆ ಹೋಗಬೇಕಾಗಿ ಬಂದರೆ, ಹೋದ ಕೂಡಲೇ ಅಡುಗೆಯ ಉಸ್ತುವಾರಿ ಇರುವವರಿಗೂ ಆಶಾ ಕಾರ್ಯಕರ್ತೆಗೂ ಹೇಳಿ. ಅಲ್ಲಿ ಅನ್ನ ಇದ್ದೇ ಇರುತ್ತದೆ. ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಮಾತ್ರ ನಿಮ್ಮ ಗಂಟು ಬೇಕಾಗುತ್ತದೆ. ಉಪ್ಪಿಟ್ಟಿನ ಸೌಟನ್ನೇ ಅನ್ನಕ್ಕೆ ಹಾಕುವ ಮುಂಚೆ ರೋಗಿಗೆ ಬಡಿಸಿಕೊಳ್ಳಿ. ರೊಟ್ಟಿ ದಾನ ಮಾಡಲು ಬಂದವರನ್ನು ಅದು ಬರೀ ಜೋಳದ್ದೋ ಅಲ್ಲವೋ ಕೇಳಲು ಸಂಕೋಚ ಬೇಡ.

ಆದರೂ ತಿಂದುಬಿಟ್ಟರೆ?

ಗಾಬರಿಯಾಗಬೇಡಿ, ಮಗುವನ್ನು ಬೈಯಬೇಡಿ. ಬೈದರೆ ಮುಂದಿನ ಸಲ ತಿಂದದ್ದನ್ನು ಮುಚ್ಚಿಡುತ್ತದೆ. ಒಳಗೆ ಹೋದ ಗೋಧಿಯನ್ನು ಹೊರತೆಗೆಯುವ ಔಷಧಿಯಿಲ್ಲ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಜುಲಾಬು ಕೊಡಬೇಡಿ. ಅನ್ನದ ಗಂಜಿಗೆ ಉಪ್ಪು ಹಾಕಿ ಕೊಡಿ. ಭೇದಿಯಾದರೆ ಓ.ಆರ್.ಎಸ್. ಅನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಮರುದಿನದಿಂದಲೇ ಮೊದಲಿನಂತೆ ಪಥ್ಯ ಮುಂದುವರಿಸಿ. ಒಮ್ಮೆ ಮುರಿಯಿತು, ಇನ್ನೇನು ಎಂದು ಊರಿಗೆ ಮರಳುವವರೆಗೆ ಎಲ್ಲವನ್ನೂ ತಿನ್ನುವುದು ಬೇಡ.

ಬೇರೆ ಏನೂ ಸಿಗದೆ ಚಿಕ್ಕ ಮಗು ಹಸಿವಿನಿಂದ ಬಳಲುವ ಸ್ಥಿತಿ ಬಂದರೆ ಏನು ಮಾಡಬೇಕು ಎಂದು ತಾಯಂದಿರು ಕೇಳುತ್ತಾರೆ. ಆಗ ಜೀವ ಉಳಿಯುವುದು ಮೊದಲು. ಸೀಲಿಯಾಕ್‌ನಲ್ಲಿ ಒಂದು ಹೊತ್ತಿನ ಗೋಧಿಯಿಂದ ಸಾಮಾನ್ಯವಾಗಿ ಪ್ರಾಣಾಪಾಯ ಬರುವುದಿಲ್ಲ. ಸಿಕ್ಕಿದ್ದನ್ನು ಕೊಟ್ಟು, ಅನ್ನ ಸಿಕ್ಕ ಕೂಡಲೇ ಪಥ್ಯಕ್ಕೆ ಮರಳಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿ. ಗೋಧಿ ಅಲರ್ಜಿ ಇರುವ ಮಗುವಿಗೆ ಮಾತ್ರ ಈ ವಿನಾಯಿತಿ ಇಲ್ಲ.

ತಪಾಸಣೆಗೆ ಬರುವಾಗ ನೀವು ಬಳಸುವ ಇಂಗು, ಮಸಾಲೆ ಪುಡಿ, ಮಾಲ್ಟ್ ಪುಡಿಗಳ ಖಾಲಿ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ಓದಲು ಬಾರದವರೂ ತರಬಹುದು; ಹಿಂದೆ ಏನು ಬರೆದಿದೆ ಎಂಬುದನ್ನು ಇಲ್ಲಿ ಓದಿ ಹೇಳುತ್ತೇವೆ.